ಸೆಲ್ಫ್ ಮೋಟಾರ್ ಬಿಚ್ಚುವ ಮೊದಲು ವೋಲ್ಟ್ ನೋಡಿ

ಕೀ ತಿರುಗಿಸಿದರೆ ‘ಟಕ್’ ಅಂತ ಒಂದೇ ಸದ್ದು, ಇಂಜಿನ್ ಅಲ್ಲಾಡುವುದಿಲ್ಲ. ಗಾಡಿ ತಂದವರು "ಸೆಲ್ಫ್ ಹೋಗಿದೆ" ಅಂತಾರೆ, ಅಂದರೆ ಇಂಜಿನ್ ಸ್ಟಾರ್ಟ್ ಮಾಡುವ ಮೋಟಾರ್ ಕೆಟ್ಟಿದೆ ಅಂತ; ಕಲಿಯುವವರು ನಾವೂ ಅದನ್ನೇ ನಂಬಿ ಸ್ಪ್ಯಾನರ್ ಹಿಡಿಯುತ್ತೇವೆ. ನಾನು ಮೊದಲ ಸಲ ಬಿಚ್ಚಿದ ಸೆಲ್ಫ್ ಚೆನ್ನಾಗಿಯೇ ಇತ್ತು. ತೊಂದರೆ ಇದ್ದದ್ದು ಗೇರ್ ಬಾಕ್ಸಿಗೆ ಬರುವ ಅರ್ಥ್ ವೈರಿನಲ್ಲಿ: ಬೋಲ್ಟ್ ಸಡಿಲಿಸಿದಾಗ ವಾಷರ್ ಕೆಳಗೆ ಕಂದು ತುಕ್ಕು ಪುಡಿಪುಡಿಯಾಗಿ ಉದುರಿತು.

ಮೊದಲು ಸದ್ದು ಕೇಳಿ. ಟಕಟಕಟಕ ಅಂದರೆ ಹೆಚ್ಚಾಗಿ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲ. ಮೋಟಾರ್ ಗುಯ್ ಅಂತ ಸುಮ್ನೆ ಸುತ್ತಿ ಇಂಜಿನ್ ತಿರುಗದಿದ್ದರೆ ಬೆಂಡಿಕ್ಸ್, ಅಂದರೆ ಮೋಟಾರನ್ನು ಇಂಜಿನ್ನಿಗೆ ಸೇರಿಸುವ ಹಲ್ಲಿನ ಗೇರ್, ಜಾರುತ್ತಿದೆ. ಸದ್ದೇ ಇಲ್ಲದಿದ್ದರೆ ಫ್ಯೂಸ್, ರಿಲೇ, ಕ್ಲಚ್ ಸ್ವಿಚ್ ನೋಡಿ. ಆಟೋಮ್ಯಾಟಿಕ್ ಗಾಡಿಯಾದರೆ ಗೇರನ್ನು ನ್ಯೂಟ್ರಲ್‌ಗೆ ಹಾಕಿ ಇನ್ನೊಮ್ಮೆ ಪ್ರಯತ್ನಿಸಿ. ಒಂದೇ ಟಕ್ ಬಂದಾಗಲೇ ಜಾಸ್ತಿ ಮೋಸ ಹೋಗುವುದು.

ಆಗ ವೋಲ್ಟ್ ಅಳೆಯುವ ಮೀಟರ್ ಬೇಕು. ಗಾಡಿ ಸುಮ್ಮನೆ ನಿಂತಿರುವಾಗ ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ, 12.2 ಅಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಮೊದಲು ಬ್ಯಾಟರಿ ಚಾರ್ಜ್ ಮಾಡಿ, ಆಮೇಲೆ ಮುಂದಿನ ಮಾತು.

ಬ್ಯಾಟರಿ ಸರಿ ಇದೆಯಾ? ಈಗ ದಪ್ಪ ವೈರು. ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್ ಬ್ರೇಕ್ ಎಳೆಯಿರಿ. ಮೀಟರಿನ ಕೆಂಪು ಪಿನ್ನನ್ನು ಬ್ಯಾಟರಿಯ ಪ್ಲಸ್ ಮೇಲೆ, ಕಪ್ಪು ಪಿನ್ನನ್ನು ಸೆಲ್ಫಿನ ದಪ್ಪ ವೈರ್ ಬರುವ ಬೋಲ್ಟ್ ಮೇಲೆ ಹಿಡಿದು, ಒಬ್ಬರಿಗೆ ಮೂರು ಸೆಕೆಂಡು ಕೀ ತಿರುಗಿಸಲು ಹೇಳಿ. 0.5 ವೋಲ್ಟಿಗಿಂತ ಜಾಸ್ತಿ ಬಂದರೆ ತಪ್ಪು ವೈರಿನದ್ದು ಅಥವಾ ಅದರ ಜೋಡಣೆಯದ್ದು. ಹಾಗೆಯೇ ಕೀ ತಿರುಗಿಸಿದಾಗ ಬ್ಯಾಟರಿ ಮೈನಸ್‌ನಿಂದ ಸೆಲ್ಫಿನ ಲೋಹದ ಮೈವರೆಗೆ 0.3 ವೋಲ್ಟ್ ದಾಟಬಾರದು. ವೈರಿನ ತಡೆಯನ್ನು ಓಮ್‌ನಲ್ಲಿ ಅಳೆದರೆ ಸಾಲದಾ ಅಂತ ಕೇಳಬಹುದು. ಸಾಲದು. ಸೆಲ್ಫ್ ಎಳೆಯುವುದು 150 ಆಂಪಿಯರ್ ಅಂದುಕೊಳ್ಳಿ, ತುಕ್ಕಿನ ತಡೆ ಬರೀ 0.01 ಓಮ್ ಇದ್ದರೂ ಅಲ್ಲೇ 1.5 ವೋಲ್ಟ್ ತಿಂದುಹೋಗುತ್ತದೆ, ಆದರೆ ಅಷ್ಟು ಸಣ್ಣ ತಡೆ ಮಾಮೂಲಿ ಮೀಟರಿಗೆ ಕಾಣುವುದೇ ಇಲ್ಲ.

ಎರಡೂ ಕಡೆ ಸರಿ ಇದ್ದು, ಕೀ ತಿರುಗಿಸಿದಾಗ ಸಾಲಿನಾಯ್ಡಿನ (ದಪ್ಪ ವೈರಿನ ಕರೆಂಟನ್ನು ಮೋಟಾರಿಗೆ ಸೇರಿಸುವ ಸ್ವಿಚ್) ಸಣ್ಣ ವೈರಿಗೂ ಪೂರ್ತಿ ಕರೆಂಟ್ ಬರುತ್ತಿದ್ದರೆ ಆಗ ಮಾತ್ರ ಸೆಲ್ಫ್ ಬಿಚ್ಚಿ. ಬಿಚ್ಚುವ ಮೊದಲು ಮೋಟಾರನ್ನು ಮೆಲ್ಲಗೆ ತಟ್ಟಿದಾಗ ಒಮ್ಮೆ ಸ್ಟಾರ್ಟ್ ಆದರೆ ಒಳಗಿನ ಕಾರ್ಬನ್ ಬ್ರಶ್ ಸವೆದಿರುವ ಸಾಧ್ಯತೆ ಜಾಸ್ತಿ. ಸಾಲಿನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ನೋಡಿ, ಸುಟ್ಟು ಕಪ್ಪಾಗಿ ಗುಳಿ ಬಿದ್ದಿದ್ದರೆ ಆ ಒಂದೇ ಟಕ್‌ಗೆ ಅದೇ ಕಾರಣ.

ಬದಲಿಸುವುದು ಕಷ್ಟವಲ್ಲ. ಆದರೆ ಬ್ಯಾಟರಿ ಮೈನಸ್ ಮೊದಲು ತೆಗೆಯಿರಿ, ಏಕೆಂದರೆ ಆ ದಪ್ಪ ವೈರಿನಲ್ಲಿ ಕೀ ಆಫ್ ಇದ್ದರೂ ಕರೆಂಟ್ ಇರುತ್ತದೆ, ಸ್ಪ್ಯಾನರ್ ಗಾಡಿಯ ಲೋಹಕ್ಕೆ ತಗುಲಿದರೆ ಕೈ ಸುಡುತ್ತದೆ. ಕೆಳಗೆ ಹೋಗುವುದಾದರೆ ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಕೊನೆಯ ಬೋಲ್ಟ್ ಬಿಚ್ಚುವಾಗ ಮೋಟಾರಿಗೆ ಕೈ ಕೊಟ್ಟಿರಿ, ಭಾರ ಇರುತ್ತದೆ. ಹೊಸದರ ಹಲ್ಲು ಹಳೆಯದಕ್ಕೆ ಹೊಂದುತ್ತದಾ ಎಣಿಸಿ. ಸೆಲ್ಫ್ ತೆಗೆದ ತೂತಿನಿಂದಲೇ ಟಾರ್ಚ್ ಬಿಟ್ಟು ಫ್ಲೈವೀಲ್ (ಸೆಲ್ಫ್ ತಿರುಗಿಸುವ ಇಂಜಿನ್ ಚಕ್ರ) ಹಲ್ಲು ನೋಡಿ, ಇಂಜಿನ್ ಪುಲ್ಲಿ ತಿರುಗಿಸುತ್ತಾ ಪೂರ್ತಿ ಒಂದು ಸುತ್ತು.

ಸೆಲ್ಫ್ ಕೂರುವ ಜಾಗವನ್ನು ಎಮೆರಿ ಪೇಪರಿನಿಂದ ಹೊಳೆಯುವಂತೆ ಉಜ್ಜಿ, ಅರ್ಥ್ ಸಿಗುವುದೇ ಅಲ್ಲಿಂದ. ಬೋಲ್ಟ್ ಬಿಗಿದು, ವೈರ್ ಹಾಕಿ, ಮೈನಸ್ ಕೊನೆಗೆ ಕೊಡಿ. ಆಮೇಲೆ ಅದೇ ವೋಲ್ಟ್ ಟೆಸ್ಟ್ ಇನ್ನೊಮ್ಮೆ ಮಾಡಿ ಬರೆದಿಟ್ಟುಕೊಳ್ಳಿ.