ತಾಯಿ ಮಲ್ಲಿಗೆ ಮುಡಿಸಿದ್ದರಿಂದ ಮಗ ಹೆಣ್ಣಾಗುವುದಿಲ್ಲ

ಗಂಡುಮಗುವೆಂದು ಎಲ್ಲರೂ ತಿಳಿದ ಮಗು 'ನಾನು ಹುಡುಗಿ' ಎನ್ನತೊಡಗಿದರೆ ನಮ್ಮ ಕರಾವಳಿಯಲ್ಲಿ ಮೊದಲ ಅಪವಾದ ತಾಯಿಗೆ. 'ಸಣ್ಣದಿರುವಾಗ ಲಂಗ ಹಾಕಿ, ಶಂಕರಪುರ ಮಲ್ಲಿಗೆ ಮುಡಿಸಿ ಫೋಟೊ ತೆಗೆಸಿದ್ದಿ, ಈಗ ಅನುಭವಿಸು' ಎನ್ನುತ್ತಾರೆ ಅತ್ತೆ. 'ಅಕ್ಕಂದಿರ ನಡುವೆ ಒಬ್ಬನೇ ಬೆಳೆದದ್ದಲ್ಲವಾ, ಹಾಗಾಗಿ' ಎನ್ನುತ್ತಾರೆ ನೆರೆಕರೆಯವರು. ಮತ್ತೆ ಜೋಯಿಸರ ಹತ್ತಿರ ಪ್ರಶ್ನೆ, ನಾಗದೋಷದ ಮಾತು, ಸೊಂಟಕ್ಕೆ ಮಂತ್ರಿಸಿದ ನೂಲು. ಮಣಿಪಾಲದಿಂದ ದೇರಳಕಟ್ಟೆಯವರೆಗೆ ಇಷ್ಟೊಂದು ಮೆಡಿಕಲ್ ಕಾಲೇಜುಗಳಿರುವ ಸೀಮೆಯಲ್ಲಿ ವೈದ್ಯರನ್ನು ಕೇಳುವುದು ಎಲ್ಲಕ್ಕಿಂತ ಕೊನೆಗೆ. ನನಗೆ ಸಂಕಟವಾಗುವುದು ಇದಕ್ಕೇ: 'ಬೆಳೆಸಿದ ಹಾಗೆ ಮಗು' ಎಂಬ ಈ ಮಾತನ್ನು ವಿಜ್ಞಾನವೂ ಒಂದು ಕಾಲದಲ್ಲಿ ನಂಬಿತ್ತು. ಅದಕ್ಕೆ ಒಂದು ಮಗು ತೆತ್ತ ಬೆಲೆ ದೊಡ್ಡದು.

1965ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ಅವಳಿ ಗಂಡುಮಕ್ಕಳು ಹುಟ್ಟಿದರು. ತಿಂಗಳುಗಳ ಕೂಸಾಗಿದ್ದಾಗ ಒಬ್ಬನ ಸುನ್ನತಿ ಶಸ್ತ್ರಕ್ರಿಯೆ ಕೆಟ್ಟು ಶಿಶ್ನ ಸುಟ್ಟುಹೋಯಿತು. ಕಂಗಾಲಾದ ತಂದೆತಾಯಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿದ್ದ ಮನಶ್ಶಾಸ್ತ್ರಜ್ಞ ಜಾನ್ ಮನಿ ಅವರ ಬಳಿಗೆ ಹೋದರು. ತಾನು ಗಂಡೋ ಹೆಣ್ಣೋ ಎಂಬ ಅರಿವು ಹುಟ್ಟುವಾಗ ಮಗುವಿಗೆ ಇರುವುದಿಲ್ಲ, ಮೊದಲ ಒಂದೆರಡು ವರ್ಷ ಬೆಳೆಸುವ ರೀತಿಯೇ ಅದನ್ನು ತುಂಬುತ್ತದೆ ಎಂಬುದು ಮನಿ ಅವರ ವಾದ. ಅವರ ಸಲಹೆಯಂತೆ ಎರಡು ವರ್ಷ ತುಂಬುವ ಮೊದಲೇ ಮಗುವಿನ ವೃಷಣಗಳನ್ನು ತೆಗೆದು, ಬ್ರೆಂಡಾ ಎಂದು ಹೆಸರಿಟ್ಟು, ಹುಡುಗಿಯಾಗಿ ಸಾಕಿದರು. ಪ್ರಯೋಗ ಗೆದ್ದಿದೆ ಎಂದು ಮನಿ 1972ರಲ್ಲಿ ಬರೆದರು, ಪಠ್ಯಪುಸ್ತಕಗಳೂ ಅದನ್ನೇ ಹೇಳಿದವು.

ಮನೆಯಲ್ಲಿ ನಡೆಯುತ್ತಿದ್ದುದು ಬೇರೆ. ಮಗು ತೊಡಿಸಿದ ಫ್ರಾಕನ್ನು ಕಿತ್ತುಹಾಕುತ್ತಿತ್ತು, ನಿಂತುಕೊಂಡೇ ಮೂತ್ರ ಮಾಡಲು ಹೊರಡುತ್ತಿತ್ತು. ಹದಿಹರೆಯದಲ್ಲಿ ಹೆಣ್ಣಿನ ಹಾರ್ಮೋನು ಕೊಟ್ಟದ್ದರಿಂದಲೂ ಪ್ರಯೋಜನವಾಗಲಿಲ್ಲ. 14ನೇ ವಯಸ್ಸಿನಲ್ಲಿ ತಂದೆ ನಿಜ ಹೇಳಿದ ಮೇಲೆ ಬ್ರೆಂಡಾ ಡೇವಿಡ್ ಆಗಿ ಬದುಕತೊಡಗಿದರು. ಈ ಸತ್ಯ ವೈದ್ಯಲೋಕಕ್ಕೆ ತಿಳಿದದ್ದು 1997ರಲ್ಲಿ, ಮಿಲ್ಟನ್ ಡೈಮಂಡ್ ಮತ್ತು ಕೀತ್ ಸಿಗ್ಮಂಡ್‌ಸನ್ ಬರೆದ ಲೇಖನದಿಂದ. 2004ರಲ್ಲಿ, 38ರ ಪ್ರಾಯದಲ್ಲಿ, ಡೇವಿಡ್ ರೈಮರ್ ತಮ್ಮ ಜೀವವನ್ನು ತಾವೇ ಕೊನೆಗೊಳಿಸಿದರು.

ಒಬ್ಬರ ಬದುಕಿನಿಂದ ಸಿದ್ಧಾಂತ ಕಟ್ಟಬಾರದು, ಸರಿ. ಅದೇ 2004ರಲ್ಲಿ ವಿಲಿಯಂ ರೈನರ್ ಮತ್ತು ಜಾನ್ ಗೇರ್‌ಹಾರ್ಟ್ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಹೊಟ್ಟೆಯ ಕೆಳಭಾಗವೂ ಶಿಶ್ನವೂ ಸರಿಯಾಗಿ ಕೂಡಿಕೊಳ್ಳದೆ ಹುಟ್ಟಿದ, ಎಕ್ಸ್‌ವೈ (ಸಾಮಾನ್ಯವಾಗಿ ಗಂಡಿನಲ್ಲಿರುವ) ವರ್ಣತಂತುಗಳ 16 ಮಕ್ಕಳಲ್ಲಿ 14 ಮಂದಿಯನ್ನು ಶಸ್ತ್ರಕ್ರಿಯೆ ಮಾಡಿ ಹುಡುಗಿಯರಾಗಿ ಬೆಳೆಸಲಾಗಿತ್ತು. ಅವರಲ್ಲಿ 8 ಮಂದಿ ಮುಂದೆ 'ನಾನು ಗಂಡು' ಎಂದು ಹೇಳಿದರು. ಎಲ್ಲರೂ ಹೇಳಲಿಲ್ಲ ಎಂಬುದನ್ನೂ ಮರೆಯಬಾರದು. ಆದರೆ ಹೆಸರು, ಫ್ರಾಕು, ಗೊಂಬೆ, ಶಸ್ತ್ರಕ್ರಿಯೆ, ಮನೆಮಂದಿಯ ಅಷ್ಟೂ ಪ್ರಯತ್ನ ಸೇರಿ ಆಗದ ಕೆಲಸ ಒಂದು ಮೊಳ ಮಲ್ಲಿಗೆಯಿಂದ ಆಗುವುದುಂಟೇ?

ಹಾಗಾದರೆ ತಾನು ಗಂಡೋ ಹೆಣ್ಣೋ ಎಂಬ ಈ ಅರಿವು ಬರುವುದು ಎಲ್ಲಿಂದ? ಗರ್ಭದೊಳಗಿನ ಕಾಲಕ್ರಮವನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಜೀವಶಾಸ್ತ್ರದಲ್ಲಿ ನನ್ನನ್ನು ಇಷ್ಟು ಬೆರಗುಗೊಳಿಸಿದ ಸಂಗತಿ ಬೇರೆ ಇಲ್ಲ. ಸುಮಾರು ಆರು ವಾರದವರೆಗೆ ಎಲ್ಲ ಭ್ರೂಣಗಳೂ ನೋಡಲು ಒಂದೇ. ವೃಷಣವೂ ಆಗಬಲ್ಲ, ಅಂಡಾಶಯವೂ ಆಗಬಲ್ಲ ಒಂದು ಜೊತೆ ಗ್ರಂಥಿಗಳಿರುತ್ತವೆ. ಪಕ್ಕದಲ್ಲಿ ಗಂಡಿನ ನಾಳ, ಹೆಣ್ಣಿನ ನಾಳ ಎರಡೂ ಇರುತ್ತವೆ. ವೈ ವರ್ಣತಂತುವಿನಲ್ಲಿರುವ ಎಸ್‌ಆರ್‌ವೈ ಎಂಬ ಜೀನ್ (ಇದು ಪತ್ತೆಯಾದದ್ದು 1990ರಲ್ಲಿ) ಎಚ್ಚೆತ್ತರೆ ಗ್ರಂಥಿಗಳು ವೃಷಣವಾಗುತ್ತವೆ. ವೃಷಣಗಳಿಂದ ಹೊರಡುವ ಒಂದು ಹಾರ್ಮೋನು ಹೆಣ್ಣಿನ ನಾಳವನ್ನು ಕರಗಿಸುತ್ತದೆ. ಇನ್ನೊಂದು, ಟೆಸ್ಟೊಸ್ಟೆರಾನ್, ಗಂಡಿನ ನಾಳವನ್ನು ಉಳಿಸಿ ಬೆಳೆಸುತ್ತದೆ. ಫ್ರಾನ್ಸಿನ ಆಲ್ಫ್ರೆಡ್ ಜೋಸ್ಟ್ 1940ರ ದಶಕದಲ್ಲಿ ಇನ್ನೂ ಗರ್ಭದಲ್ಲಿದ್ದ ಮೊಲದ ಮರಿಗಳ ಈ ಗ್ರಂಥಿಗಳನ್ನು ತೆಗೆದು ನೋಡಿದರು. ವರ್ಣತಂತು ಯಾವುದೇ ಇರಲಿ, ಮರಿಗಳೆಲ್ಲ ಹೆಣ್ಣಿನ ಅಂಗರಚನೆಯಲ್ಲೇ ಬೆಳೆದವು!

ಹೊರಗಿನ ಅಂಗಗಳ ರೂಪ 12ನೇ ವಾರದ ಸುಮಾರಿಗೆ ಬಹುಮಟ್ಟಿಗೆ ನಿಶ್ಚಯವಾಗುತ್ತದೆ. ಮಿದುಳಿನ ಬೆಳವಣಿಗೆ ಗರ್ಭದ ಉತ್ತರಾರ್ಧದಲ್ಲೂ ಹುಟ್ಟಿದ ಮೇಲೂ ಮುಂದುವರಿಯುತ್ತದೆ. ಆ ಮಿದುಳಿನ ಮೇಲೂ ಹಾರ್ಮೋನಿನ ಕೈವಾಡವಿದೆ ಎಂದು ತೋರಿಸಿದ್ದು 1959ರ ಗಿನಿಯಿಲಿಗಳ ಪ್ರಯೋಗ. ಬಸುರಿ ಇಲಿಗೆ ಟೆಸ್ಟೊಸ್ಟೆರಾನ್ ಕೊಟ್ಟಾಗ ಹುಟ್ಟಿದ ಹೆಣ್ಣುಮರಿಗಳು ದೊಡ್ಡವಾದ ಮೇಲೆ ಗಂಡಿನಂತೆ ವರ್ತಿಸಿದವು. ಬೆಳೆದ ಇಲಿಗೆ ಕೊಟ್ಟರೆ ಅಂಥ ಶಾಶ್ವತ ಬದಲಾವಣೆ ಇಲ್ಲ. ಏಣೆಲು ಗದ್ದೆಯಲ್ಲಿ ನೇಜಿ ನೆಡುವಾಗ ಸುರಿದ ಮಳೆ ಬೆಳೆ ಕೊಡುತ್ತದೆ, ಕೊಯ್ಲಿನ ಹೊತ್ತಿಗೆ ಸುರಿದ ಮಳೆ ತೆನೆ ಮಲಗಿಸುತ್ತದೆ; ನೀರು ಅದೇ, ಹೊತ್ತು ಬೇರೆ. ದೇಹಕ್ಕೆ ಒಂದು ಹೊತ್ತು, ಮಿದುಳಿಗೆ ಇನ್ನೊಂದು ಹೊತ್ತು ಎಂದಾದರೆ ಎರಡೂ ಒಂದೇ ದಿಕ್ಕಿಗೆ ಸಾಗಲೇಬೇಕು ಎಂದಿಲ್ಲ. ನೆದರ್ಲ್ಯಾಂಡ್ಸ್‌ನ ಮಿದುಳು ವಿಜ್ಞಾನಿ ಡಿಕ್ ಸ್ವಾಬ್ ಮೊದಲಾದವರು ಟ್ರಾನ್ಸ್ ವ್ಯಕ್ತಿಗಳ, ಅಂದರೆ ಹುಟ್ಟಿದಾಗ ಗುರುತಿಸಿದ ಲಿಂಗ ತಮ್ಮದಲ್ಲ ಎಂದು ಅರಿತವರ, ಅನುಭವವನ್ನು ವಿವರಿಸುವುದು ಹೀಗೆ.

ಇದು ಊಹೆ, ಒಳ್ಳೆಯ ಊಹೆ, ಆದರೆ ಕೊನೆಯ ಮಾತಲ್ಲ. ಅಡ್ರಿನಲ್ ಗ್ರಂಥಿಯ ತೊಂದರೆಯಿಂದ ಗರ್ಭದಲ್ಲೇ ಹೆಚ್ಚು ಗಂಡು ಹಾರ್ಮೋನು ಕಂಡ ಎಕ್ಸ್‌ಎಕ್ಸ್ ಹೆಣ್ಣುಮಕ್ಕಳು ಲಾರಿ, ಚೆಂಡಿನ ಆಟ ಹೆಚ್ಚು ಇಷ್ಟಪಡುವುದುಂಟು. ಆದರೂ ಅವರಲ್ಲಿ ಹೆಚ್ಚಿನವರು ತಮ್ಮನ್ನು ಹುಡುಗಿ ಎಂದೇ ತಿಳಿಯುತ್ತಾರೆ. ಹಾರ್ಮೋನು ಆಟದ ರುಚಿಯನ್ನು ತಿರುಗಿಸಿದಷ್ಟು ಸುಲಭದಲ್ಲಿ ಅರಿವನ್ನು ತಿರುಗಿಸುವುದಿಲ್ಲ. ಒಂದೇ ಅಂಡದ ಅವಳಿಗಳಲ್ಲಿ ಇಬ್ಬರೂ ಟ್ರಾನ್ಸ್ ಆಗಿರುವುದು ಎರಡು ಅಂಡದ ಅವಳಿಗಳಲ್ಲಿ ಕಾಣುವುದಕ್ಕಿಂತ ಹೆಚ್ಚು. ಹಾಗಾಗಿ ಜೀನ್‌ಗಳ ಪಾಲಿದೆ. ಆದರೆ ಒಂದೇ ಅಂಡದ ಅವಳಿಗಳಲ್ಲೂ ಒಬ್ಬರು ಮಾತ್ರ ಟ್ರಾನ್ಸ್ ಆಗಿರುವ ಜೋಡಿಗಳು ಬೇಕಾದಷ್ಟಿವೆ. ರಕ್ತಪರೀಕ್ಷೆಯಲ್ಲಾಗಲಿ ಸ್ಕ್ಯಾನಿನಲ್ಲಾಗಲಿ ಇದು ಕಾಣುವುದಿಲ್ಲ.

ಸಮಾಜದ ಪಾಲು ಏನೂ ಇಲ್ಲವೇ? ಇದೆ, ಆದರೆ ಅದು ಬೇರೆ ಕಡೆ. ಗಂಡು ಹೇಗಿರಬೇಕು, ಹೆಣ್ಣು ಏನು ಮಾಡಬೇಕು ಎಂಬುದು ಊರಿನ ಕಟ್ಟುಪಾಡು. ತುಳುನಾಡಿನ ಅಳಿಯಕಟ್ಟಿನಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿದು ಬರುತ್ತಿತ್ತು, ಎಷ್ಟೋ ಗಂಡುಮಕ್ಕಳು ಬೆಳೆಯುತ್ತಿದ್ದುದು ತಾಯಿಯ ಕುಟುಂಬದ ಮನೆಯಲ್ಲಿ, ಅಮ್ಮ, ಅಜ್ಜಿ, ದೊಡ್ಡಮ್ಮಂದಿರ ನಡುವೆ. ಉಳಿದ ನಾಡಿಗೆ ವಿಚಿತ್ರವಾಗಿ ಕಂಡ ಈ ಪದ್ಧತಿ ತಲೆಮಾರುಗಳ ಕಾಲ ನಡೆಯಿತು. 'ಹೆಂಗಸರ ನಡುವೆ ಬೆಳೆದದ್ದರಿಂದ' ಎಂಬ ಮಾತು ನಿಜವಾಗಿದ್ದರೆ ಅದರ ಪರಿಣಾಮ ಇಲ್ಲಿ ಮನೆಮನೆಯಲ್ಲೂ ಕಾಣಬೇಕಿತ್ತು.

ಯಕ್ಷಗಾನದ ಕಲಾವಿದರು ವೇಷ ಕಟ್ಟುವ ಚೌಕಿಗೂ ಒಮ್ಮೆ ಹೋಗಿ ನೋಡಿ. ಸ್ತ್ರೀವೇಷಧಾರಿ ಕನ್ನಡಿ ಹಿಡಿದು ಕೂತು ಹುಬ್ಬು ತೀಡುತ್ತಾರೆ, ಸೀರೆಯ ನೆರಿಗೆ ಜೋಡಿಸುತ್ತಾರೆ, ಜಡೆ ಕಟ್ಟುತ್ತಾರೆ; ರಂಗಸ್ಥಳದಲ್ಲಿ ಅವರ ದಾಕ್ಷಾಯಿಣಿ ಅತ್ತರೆ ಎದುರು ಕೂತ ಹೆಂಗಸರ ಕಣ್ಣೂ ಒದ್ದೆ. ಆಟ ಮುಗಿದ ಮೇಲೆ ತೆಂಗಿನೆಣ್ಣೆ ಉಜ್ಜಿ ಬಣ್ಣ ತೆಗೆದು, ಪ್ಯಾಂಟು ಹಾಕಿ ಬೈಕು ಹತ್ತುತ್ತಾರೆ. ಮೇಳ ಹೊರಟಂದಿನಿಂದ ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ ದಿನವೂ ಇದೇ, ವರ್ಷಗಟ್ಟಲೆ. ಉಡುಗೆಗೆ ಒಳಗಿನ ಅರಿವನ್ನು ಬದಲಿಸುವ ಶಕ್ತಿಯಿಲ್ಲ ಎಂಬುದು ನಾವು ಕಣ್ಣಾರೆ ಕಂಡ ಸಂಗತಿ.

ಎರಡೂವರೆ, ಮೂರು ವರ್ಷಕ್ಕೆ ಹೆಚ್ಚಿನ ಮಕ್ಕಳು ತಾವು ಹುಡುಗನೋ ಹುಡುಗಿಯೋ ಎಂದು ಹೇಳುತ್ತಾರೆ. ಬಟ್ಟೆ ಬದಲಿಸಿದರೂ ಅದು ಬದಲಾಗದು ಎಂದು ಅರ್ಥವಾಗುವುದು ಆರೇಳು ವರ್ಷಕ್ಕೆ. ಕೆಲವರಿಗೆ ಸ್ಪಷ್ಟವಾಗುವುದು ಹದಿಹರೆಯದಲ್ಲೇ. ಗೊಂಬೆಯಾಡುವ ಹುಡುಗ, ಮರ ಹತ್ತುವ ಹುಡುಗಿ ಇವರನ್ನೆಲ್ಲ ಟ್ರಾನ್ಸ್ ಎಂದು ಗಾಬರಿಪಡುವುದೂ ತಪ್ಪೇ. ಆಟದ ಇಷ್ಟ ಬೇರೆ, ತಾನು ಯಾರೆಂಬ ಅರಿವು ಬೇರೆ.

ತಂದೆತಾಯಿಯ ಕೈಯಲ್ಲಿ ನಿಜವಾಗಿ ಇರುವುದು ಮಗುವಿನ ನೆಮ್ಮದಿ. ಮನೆಯವರು ಒಪ್ಪಿಕೊಂಡ ಟ್ರಾನ್ಸ್ ಮಕ್ಕಳಲ್ಲಿ ಖಿನ್ನತೆ, ಆತ್ಮಹತ್ಯೆಯ ಯತ್ನ ಕಡಿಮೆ ಎಂದು ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಟ್ರಾನ್ಸ್ ಆಗಿರುವುದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದುಹಾಕಿದೆ. ಅದೇ ವರ್ಷ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗವೂ ಇಂಥವರನ್ನು 'ಸರಿಮಾಡುವ' ಚಿಕಿತ್ಸೆ ವೃತ್ತಿ ದುರ್ನಡತೆ ಎಂದು ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ತಿಳಿಸಿತು. ಹಾಗಾಗಿ 'ಇಂಜೆಕ್ಷನ್ ಕೊಟ್ಟು ಗಂಡು ಮಾಡುತ್ತೇನೆ' ಎನ್ನುವ ವೈದ್ಯರು ಸಿಕ್ಕಿದರೆ ಮಗುವನ್ನು ಕರೆದುಕೊಂಡು ಎದ್ದು ಬನ್ನಿ. ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರನ್ನೂ ಕೊಡಿ.