ರಕ್ತಪರೀಕ್ಷೆಯ ವರದಿ ನೋಡಿ ಕಾಲಿನ ರಕ್ತನಾಳ ಕಟ್ಟಿಕೊಂಡಿದೆ ಎಂದು ಹೇಳಬಹುದೇ?

ಪ್ರಶ್ನೆ: ನಮ್ಮ ತಂದೆಯವರಿಗೆ 64 ವರ್ಷ, ಬಹಳ ಕಾಲದಿಂದ ಸಕ್ಕರೆ ಕಾಯಿಲೆಯಿದೆ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಂಡು ನಿಂತುಬಿಡುತ್ತಾರೆ. ಒಂದೆರಡು ನಿಮಿಷ ನಿಂತರೆ ಸರಿಹೋಗುತ್ತದೆ. ಲ್ಯಾಬಿನ ಪ್ಯಾಕೇಜಿನಲ್ಲಿ ಮಾಡಿಸಿದ ಪರೀಕ್ಷೆಯಲ್ಲಿ ಸಿಆರ್‌ಪಿ (ಉರಿಯೂತ ಸೂಚಿಸುವ ಪ್ರೋಟೀನ್), ಹೋಮೋಸಿಸ್ಟೀನ್ (ರಕ್ತದಲ್ಲಿರುವ ಒಂದು ಅಮೈನೋ ಆಮ್ಲ) ಎರಡೂ ಹೆಚ್ಚಾಗಿವೆ. ಇದು ಕಾಲಿನ ರಕ್ತನಾಳದ ಕಾಯಿಲೆಯೇ?

ಉತ್ತರ: ಕಾಯಿಲೆಯ ಅನುಮಾನ ಬಲವಾಗಿಯೇ ಇದೆ. ಆದರೆ ಆ ಅನುಮಾನ ಹುಟ್ಟುವುದು ನೀವು ಬರೆದಿರುವ ನೋವಿನ ಲಕ್ಷಣದಿಂದಲೇ ಹೊರತು ವರದಿಯ ಆ ಎರಡು ಅಂಕಿಗಳಿಂದಲ್ಲ. ನಡೆದಾಗ ಬಂದು ನಿಂತಾಗ ಹೋಗುವ ಮೀನಖಂಡದ ನೋವು, ಕಾಲಿನ ಅಪಧಮನಿಗಳ ಒಳಗೋಡೆಯಲ್ಲಿ ಕೊಬ್ಬು ಸೇರಿ ದಾರಿ ಕಿರಿದಾಗಿ, ದುಡಿಯುವ ಸ್ನಾಯುವಿಗೆ ಸಾಕಷ್ಟು ರಕ್ತ ತಲುಪದಿದ್ದಾಗ ಬರುವ ನೋವು. ರಕ್ತದಲ್ಲಿನ ಸೂಚಕಗಳು ಇಂಥ ಕಾಯಿಲೆ ಮುಂದೆ ಬರುವ ಸಂಭವ ಯಾರಿಗೆ ಹೆಚ್ಚು ಎಂಬುದನ್ನು ತಿಳಿಸಬಲ್ಲವು; ಕಾಲಿನ ನಾಳ ಈಗ ಕಿರಿದಾಗಿದೆಯೇ ಎಂಬುದನ್ನು ತಿಳಿಸಲಾರವು.

ಈ ವಿಷಯದಲ್ಲಿ ಅಮೆರಿಕದ ವೈದ್ಯರನ್ನೇ ವರ್ಷಗಟ್ಟಲೆ ಗಮನಿಸಿ, 2001ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಮುಖ್ಯವಾದದ್ದು. ಆರಂಭದಲ್ಲಿ ಆರೋಗ್ಯವಾಗಿದ್ದ 14,916 ಪುರುಷ ವೈದ್ಯರ ಪೈಕಿ ಮುಂದೆ ಈ ಕಾಯಿಲೆಗೆ ತುತ್ತಾದ 140 ಮಂದಿಯ ರಕ್ತವನ್ನು, ಅದೇ ವಯಸ್ಸಿನ, ಅದೇ ಬಗೆಯ ಧೂಮಪಾನದ ಅಭ್ಯಾಸವಿದ್ದೂ ಕಾಯಿಲೆ ಬಾರದ 140 ಮಂದಿಯ ರಕ್ತದೊಂದಿಗೆ ಹೋಲಿಸಲಾಯಿತು. ಕೊಬ್ಬಿನ ಅಂಶಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಮುನ್ಸೂಚನೆ ಕೊಟ್ಟದ್ದು ಒಟ್ಟು ಕೊಲೆಸ್ಟರಾಲ್ ಮತ್ತು ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟರಾಲ್) ಅನುಪಾತ, ಉಳಿದವುಗಳಲ್ಲಿ ಸಿಆರ್‌ಪಿ. ಆ ಅನುಪಾತ ಸಾಮಾನ್ಯ ಲಿಪಿಡ್ ಪರೀಕ್ಷೆಯ ವರದಿಯಲ್ಲೇ ಇರುತ್ತದೆ. ದುಬಾರಿ ಪ್ಯಾಕೇಜುಗಳ ಭರಾಟೆಯಲ್ಲಿ ಜನ ಅದನ್ನೇ ಗಮನಿಸದೆ ಬಿಡುತ್ತಾರೆ ಎಂಬುದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ.

ಸಿಆರ್‌ಪಿ ದೇಹದಲ್ಲಿ ಎಲ್ಲಿ ಉರಿಯೂತವಿದ್ದರೂ ಏರುತ್ತದೆ. ಹಲ್ಲಿನ ಸೋಂಕು, ನೆಗಡಿ, ಮೂತ್ರದ ಸೋಂಕು, ಯಾವುದರಿಂದಲಾದರೂ ಹೆಚ್ಚಬಹುದು. ಹೃದಯ ಮತ್ತು ರಕ್ತನಾಳಗಳ ಅಪಾಯ ಅಳೆಯಲು ಬಳಸುವ ಸೂಕ್ಷ್ಮ ಸಿಆರ್‌ಪಿ ಲೀಟರಿಗೆ 3 ಮಿಲಿಗ್ರಾಂ ಮೀರಿದರೆ ಅಪಾಯ ಹೆಚ್ಚು ಎನ್ನುತ್ತಾರೆ. 10 ಮೀರಿದ್ದರೆ ಮೊದಲು ಸೋಂಕನ್ನು ಹುಡುಕಿ, ಅದು ವಾಸಿಯಾದ ಮೇಲೆ ಮತ್ತೆ ಪರೀಕ್ಷಿಸಬೇಕು.

ಹೋಮೋಸಿಸ್ಟೀನ್ ವಿಷಯ ಬೇರೆ. ಸಸ್ಯಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹಳ ವರ್ಷ ನುಂಗಿದವರಲ್ಲಿ ಬಿ12 ಕೊರತೆಯಾಗಿ ಅದು ಏರುವುದುಂಟು. ಅದೇ ಕೊರತೆಯಿಂದ ಪಾದ ಜೋಮು ಹಿಡಿಯುವುದೂ ಉಂಟು. ಆದ್ದರಿಂದ ತಂದೆಯವರ ಬಿ12 ಪರೀಕ್ಷಿಸಿ, ಕಡಿಮೆಯಿದ್ದರೆ ಸರಿಪಡಿಸಬೇಕಾದದ್ದೇ. ಆದರೆ ರಕ್ತನಾಳಗಳ ರಕ್ಷಣೆಗೆಂದು ಫೋಲಿಕ್ ಆಮ್ಲ ಮತ್ತು ಬಿ ಜೀವಸತ್ವಗಳನ್ನು ಕೊಟ್ಟು ಹೋಮೋಸಿಸ್ಟೀನ್ ಇಳಿಸಿ ನೋಡಿದ, 2006ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಹೃದಯಾಘಾತಗಳೂ ಹೃದ್ರೋಗದ ಸಾವುಗಳೂ ಗಮನಾರ್ಹವಾಗಿ ಕಡಿಮೆಯಾಗಲಿಲ್ಲ.

ಮಧುಮೇಹಿಗಳ ಮಟ್ಟಿಗೆ ಇವೆರಡಕ್ಕಿಂತ ತೂಕದ ಅಂಕಿ ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ. ಅದು ಶೇ. 1ರಷ್ಟು ಏರಿದಂತೆಲ್ಲ ಕಾಲಿನ ರಕ್ತನಾಳದ ಕಾಯಿಲೆಯ ಅಪಾಯ ಸುಮಾರು ಶೇ. 28ರಷ್ಟು ಹೆಚ್ಚುವುದನ್ನು ಬ್ರಿಟನ್ನಿನ ದೀರ್ಘಕಾಲದ ಮಧುಮೇಹ ಅಧ್ಯಯನ ತೋರಿಸಿತು.

ಈಗ ಆಗಬೇಕಾದದ್ದು ಎಬಿಐ ಪರೀಕ್ಷೆ, ಅಂದರೆ ಕಣಕಾಲಿನ ರಕ್ತದೊತ್ತಡವನ್ನು ತೋಳಿನದರೊಂದಿಗೆ ಹೋಲಿಸುವ ಪರೀಕ್ಷೆ. ಇದಕ್ಕೆ ಸೂಜಿಯೂ ಬೇಡ, ಉಪವಾಸವೂ ಬೇಡ. ಸ್ವಲ್ಪ ಹೊತ್ತು ಅಂಗಾತ ಮಲಗಿಸಿ, ಎರಡು ತೋಳು ಮತ್ತು ಎರಡು ಕಣಕಾಲುಗಳಿಗೆ ಬಿಪಿ ಪಟ್ಟಿ ಸುತ್ತಿ, ಪಾದದ ಮೇಲ್ಭಾಗದಲ್ಲೂ ಒಳಗಣಕಾಲಿನ ಗಂಟಿನ ಹಿಂದೆಯೂ ಜೆಲ್ ಹಚ್ಚಿ, ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ, ಪೆನ್ನಿನಂಥ ಡಾಪ್ಲರ್ ಉಪಕರಣ ಹಿಡಿದು ನಾಡಿಯ ಸದ್ದು ಕೇಳಿಸುವ ಒತ್ತಡವನ್ನು ಗುರುತಿಸುತ್ತಾರೆ. ಕಣಕಾಲಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಬೇಕು: ತೋಳಿನಲ್ಲಿ 140, ಕಣಕಾಲಿನಲ್ಲಿ 98 ಇದ್ದರೆ 0.70. ಫಲಿತ 0.90 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಾಯಿಲೆಯಿದೆ ಎಂದರ್ಥ. ಒಂದು ಎಚ್ಚರಿಕೆ: ಬಹುಕಾಲದ ಮಧುಮೇಹದಲ್ಲಿ ನಾಳದ ಗೋಡೆಯಲ್ಲಿ ಸುಣ್ಣದಂಶ ಸೇರಿ ಗಡುಸಾಗುವುದರಿಂದ ಪಟ್ಟಿ ಅದನ್ನು ಒತ್ತಲಾರದೆ ಅಂಕಿ 1.40 ದಾಟಬಹುದು, ಅಥವಾ ಕಾಯಿಲೆಯಿದ್ದರೂ ಸಹಜವೆಂದು ತೋರಬಹುದು. ಅಂಥವರಿಗೆ ಕಾಲ್ಬೆರಳಿನ ಒತ್ತಡ ಅಳೆಯಬೇಕು; ತಂದೆಯವರ ಪರೀಕ್ಷೆಯ ವೇಳೆ ಇದನ್ನು ವೈದ್ಯರಲ್ಲಿ ನೀವೇ ವಿಚಾರಿಸಿ.

ತಂದೆಯವರು ಬೀಡಿ, ಸಿಗರೇಟು ಸೇದುವವರಾದರೆ ಅದನ್ನು ಬಿಡಿಸುವುದು ಯಾವ ಸೂಚಕದ ಚಿಕಿತ್ಸೆಗಿಂತಲೂ ಮುಖ್ಯ. ತಂಬಾಕಿನಿಂದ ಕೈಕಾಲಿನ ನಾಳಗಳು ಕಟ್ಟಿಕೊಳ್ಳುವ ಬರ್ಗರ್ ಕಾಯಿಲೆಯಲ್ಲಿ ಕೊಲೆಸ್ಟರಾಲ್, ಸಿಆರ್‌ಪಿ ಎರಡೂ ಬಹುಮಟ್ಟಿಗೆ ಸಹಜವಾಗಿದ್ದೇ ಚಿಕ್ಕ ವಯಸ್ಸಿನವರ ಬೆರಳುಗಳು ಕಪ್ಪಾಗುತ್ತವೆ.

ಪಾದದ ಹುಣ್ಣು ವಾಸಿಯಾಗದಿದ್ದರೆ, ಮಲಗಿದಾಗಲೂ ನೋವಿದ್ದರೆ ರಕ್ತನಾಳ ತಜ್ಞರನ್ನು ಕಾಣಲು ತಡಮಾಡಬೇಡಿ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳಿಚಿಕೊಂಡರೆ ವರದಿಗಳಿಗಾಗಿ ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ; ಆಗ ಕಾಲು ಉಳಿಸಿಕೊಳ್ಳಲು ಸಿಗುವುದು ಕೆಲವೇ ಗಂಟೆಗಳು.