ರೂಢಿ ಆಗುವುದು ಕೂರೋದು, ಬರೆಯೋದಲ್ಲ

‘21 ದಿನ ಬಿಡದೆ ಬರೆಯಿರಿ, ಆಮೇಲೆ ತಾನಾಗೇ ಅಭ್ಯಾಸವಾಗುತ್ತೆ’ ಅಂತ ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತದೆ. ಈ 21 ಎಲ್ಲಿಂದ ಬಂತು ಗೊತ್ತಾ? ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದದ್ದು. ಆಪರೇಷನ್ ಮಾಡಿಸಿಕೊಂಡವರು ಕನ್ನಡಿಯಲ್ಲಿ ಕಾಣುವ ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆ ಅಂದರೂ 21 ದಿನ ಬೇಕು ಎಂದು ಅವರು ಗಮನಿಸಿದ್ದರು. ಬಾಯಿಂದ ಬಾಯಿಗೆ ಹೋಗುವಾಗ ‘ಕಡಿಮೆ ಅಂದರೂ’ ಉದುರಿತು. ಮುಖವೂ ಉದುರಿತು. ಉಳಿದದ್ದು ಬರೀ ಅಂಕಿ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು ಇದನ್ನು ಅಳೆದೇ ನೋಡಿದರು. 96 ಜನ, 12 ವಾರ. ದಿನವೂ ಒಂದೇ ಸಂದರ್ಭದಲ್ಲಿ ಒಂದು ಸಣ್ಣ ಕೆಲಸ. ಅದು ಯೋಚಿಸದೆ ಮಾಡುವಷ್ಟು ರೂಢಿಯಾಗಲು ಕೆಲವರಿಗೆ 18 ದಿನ ಸಾಕಾಯಿತು. ಇನ್ನು ಕೆಲವರಿಗೆ 12 ವಾರ ದಾಟಿ 254 ದಿನದವರೆಗೂ ಬೇಕಾದೀತು ಎಂದು ಅಂದಾಜಿನ ಲೆಕ್ಕ ಹೇಳಿತು. ನಡುವಿನ ಅಂಕಿ 66. ನನಗೆ ಜಾಸ್ತಿ ಖುಷಿ ಕೊಟ್ಟದ್ದು ಬೇರೆ: ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ಒಂದು ಸಲ ತಪ್ಪುವುದೆಂದರೆ ಸುತ್ತುತ್ತಿರುವ ದಾರದ ಉಂಡೆ ಕೈಜಾರಿ ಬಿದ್ದ ಹಾಗೆ ಎಂದು 1890ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಹೆದರಿಸಿದ್ದರಲ್ಲ, ಅಷ್ಟೇನೂ ಬಿಚ್ಚಿಕೊಳ್ಳುವುದಿಲ್ಲ. ಎತ್ತಿಕೊಂಡು ಮತ್ತೆ ಸುತ್ತಿದರಾಯಿತು.

ಈಗ ನನ್ನ ಮೆಚ್ಚಿನ ಇಲಿಗಳ ಕಥೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮಿದುಳು ವಿಜ್ಞಾನಿ ಆ್ಯನ್ ಗ್ರೇಬಿಯೆಲ್ ಅವರ ತಂಡ ‘ಟಿ’ ಆಕಾರದ ಓಣಿಯಲ್ಲಿ ಇಲಿಗಳನ್ನು ಓಡಿಸಿತು. ಸರಿಯಾದ ಕಡೆ ತಿರುಗಿದರೆ ಚಾಕೊಲೇಟ್. ಮಿದುಳಿನ ಆಳದಲ್ಲಿ ಸ್ಟ್ರಯಾಟಮ್ ಎಂಬ ಭಾಗವಿದೆ. ಮೊದಮೊದಲು ಇಲಿ ಓಡುವ ಉದ್ದಕ್ಕೂ ಅಲ್ಲಿನ ನರಕೋಶಗಳು ಗಿಜಿಗುಡುತ್ತಿದ್ದವು. ದಾರಿ ರೂಢಿಯಾದ ಮೇಲೆ ಹೊರಡುವಾಗೊಮ್ಮೆ, ಗುರಿ ಮುಟ್ಟಿದಾಗೊಮ್ಮೆ ಜೋರಾಗಿ ಮಿಡಿದು, ನಡುವೆ ಹೆಚ್ಚುಕಡಿಮೆ ತೆಪ್ಪಗಾದವು. ಬಿಡಿ ಬಿಡಿ ಹೆಜ್ಜೆಗಳು ಸೇರಿ ಒಂದು ಗಂಟಾಗಿದ್ದವು. ಮಗ್ಗಿಯ ಹಾಗೆ ಅನ್ನಿ: ‘ಎರಡೊಂದ್ಲ ಎರಡು’ ಅಂದರೆ ಸಾಕು, ಮಿಕ್ಕದ್ದನ್ನು ನಾಲಗೆ ನೋಡಿಕೊಳ್ಳುತ್ತದೆ. ಗೂಡ್ಸ್ ರೈಲಿನ ಹಾಗೂ ಅನ್ನಬಹುದು, ಎಂಜಿನ್ ಜಗ್ಗಿದರೆ ಡಬ್ಬಿಗಳೆಲ್ಲ ಹಿಂದೆ ಬರುತ್ತವೆ. ಮುಖ್ಯವಾದದ್ದು ಆ ಮೊದಲ ಜಗ್ಗು.

ಆದರೆ ಬರವಣಿಗೆಗೆ ಬಂದರೆ ಇಲ್ಲೊಂದು ತೊಡಕಿದೆ. ಬರೆಯುವಾಗ ನಡುವಿನ ಭಾಗ ತೆಪ್ಪಗಾಗುವ ಹಾಗಿಲ್ಲ. ಪ್ರತಿ ವಾಕ್ಯವೂ ಹೊಸ ಓಣಿ, ಎಡವೋ ಬಲವೋ ಅಂತ ಪ್ರತಿಸಲ ಯೋಚಿಸಬೇಕು. ಇಪ್ಪತ್ತು ವರ್ಷ ಬರೆದವರೂ ತಿಣುಕುತ್ತಾರೆ, ಅಲ್ವಾ? ಹಾಗಾಗಿ ರೂಢಿಯಾಗಬಲ್ಲದ್ದು ಬರೆಯಲು ಕೂರುವುದು ಮಾತ್ರ. ಕುರ್ಚಿ ಎಳೆದು, ನೋಟ್‌ಬುಕ್ ತೆರೆದು, ಪೆನ್ನಿನ ಮುಚ್ಚಳ ತೆಗೆಯುವಷ್ಟು.

ನಾನು ಮೊದಲು ಇದನ್ನು ‘ಆಫೀಸಿನ ಕೆಲಸ ಮುಗಿದ ಮೇಲೆ’ ಅಂತ ಇಟ್ಟುಕೊಂಡಿದ್ದೆ. ಆಫೀಸಿನ ಕೆಲಸ ಮುಗಿಯೋದು ಯಾವಾಗ? ಒಂದು ದಿನ ಆರಕ್ಕೆ, ಇನ್ನೊಂದು ದಿನ ಹತ್ತಕ್ಕೆ, ಕೆಲವು ದಿನ ಮುಗಿಯುವುದೇ ಇಲ್ಲ. ಇಲಿಗೆ ಓಣಿಯ ಬಾಗಿಲೇ ದಿನಕ್ಕೊಂದು ಕಡೆ ಇಟ್ಟ ಹಾಗಾಯಿತು. ಈಗ ರಾತ್ರಿ ಹಲ್ಲುಜ್ಜುವುದಕ್ಕೆ ಗಂಟುಹಾಕಿದ್ದೇನೆ. ಎಷ್ಟೇ ಬ್ಯುಸಿ ಇದ್ದರೂ ಹಲ್ಲಂತೂ ಉಜ್ಜುತ್ತೇನೆ. ಬ್ರಷ್ ಸ್ಟ್ಯಾಂಡಿಗೆ ಹೋದ ತಕ್ಷಣ ಕಾಲು ಮೇಜಿನ ಕಡೆ ತಿರುಗುತ್ತದೆ. ಕೆಲವು ದಿನ ಎರಡೇ ಸಾಲು, ಅದೂ ಕೆಟ್ಟದಾಗಿ. ‘ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ’ ಎಂಬ ಯೋಜನೆ ಸುಮ್ನೆ ‘ಬರೀಬೇಕು’ ಅಂದುಕೊಳ್ಳುವುದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಜರ್ಮನ್ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ 1990ರ ದಶಕದಲ್ಲೇ ತೋರಿಸಿದ್ದರು.

ಶಿಸ್ತಿನ ಮಾತು ಬಂದಾಗ ಎಲ್ಲರೂ 19ನೇ ಶತಮಾನದ ಕಾದಂಬರಿಕಾರ ಆಂಥನಿ ಟ್ರಾಲಪ್‌ನ ಹೆಸರು ಎತ್ತುತ್ತಾರೆ. ಇಂಗ್ಲೆಂಡಿನ ಅಂಚೆ ಇಲಾಖೆಯಲ್ಲಿ ನೌಕರಿ, ಜೊತೆಗೆ 47 ಕಾದಂಬರಿ. ಬೆಳಗಿನ ಜಾವ 5:30ಕ್ಕೆ ಮೇಜಿನ ಮುಂದೆ, ಎದುರಿಗೆ ಗಡಿಯಾರ, ಕಾಲು ಗಂಟೆಗೆ 250 ಪದ. ಅವನು ಹೇಳಿಕೊಂಡ ಇನ್ನೊಂದು ವಿಷಯವನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅಷ್ಟು ಹೊತ್ತಿಗೆ ಎಬ್ಬಿಸಿ ಕಾಫಿ ತಂದುಕೊಡಲು ಕುದುರೆ ನೋಡಿಕೊಳ್ಳುವ ಮುದುಕನೊಬ್ಬನಿಗೆ ಅವನು ವರ್ಷಕ್ಕೆ 5 ಪೌಂಡ್ ಜಾಸ್ತಿ ಕೊಡುತ್ತಿದ್ದ. ಅಷ್ಟೂ ವರ್ಷ ಆ ಮುದುಕ ಒಂದು ದಿನವೂ ತಡಮಾಡಲಿಲ್ಲವಂತೆ.